ಕಣಕುಂಬಿಯ ಮಳೆ, ಬೆಳಗಾವಿಯ ನೆರೆ

2019ರ ಆಗಸ್ಟ್ ಮೊದಲ ವಾರ ಬೆಳಗಾವಿಯ ತಗ್ಗಿನ ಬಡಾವಣೆಗಳು ಮುಳುಗಿದವು. ನೆರೆಯ ಬಗ್ಗೆ ಅಂದು ಕೇಳಿಬಂದ ಮಾತುಗಳು ಇಂದಿಗೂ ಪ್ರತಿ ಮಳೆಗಾಲದಲ್ಲಿ ಚಿಗುರುತ್ತವೆ. ಅವನ್ನು ನಂಬಿ ಕೂತವರು ನೀರು ಬರುವ ದಿಕ್ಕನ್ನು ಬಿಟ್ಟು ಬೇರೆ ದಿಕ್ಕು ಕಾಯುತ್ತಾರೆ.

ತಪ್ಪು ಕಲ್ಪನೆ: ಕಣಕುಂಬಿಯಲ್ಲಿ ಮಳೆ ಜೋರಾದರೆ ಬೆಳಗಾವಿ ಮುಳುಗುತ್ತದೆ.

ವಾಸ್ತವ: ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಬೆಳಗಾವಿ ನಗರವನ್ನು ಮುಟ್ಟುವುದೇ ಇಲ್ಲ. ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ನವಿಲುತೀರ್ಥದ ಅಣೆಕಟ್ಟಿಗೆ, ಅಲ್ಲಿಂದ ರಾಮದುರ್ಗ, ಪಟ್ಟದಕಲ್ಲು ಹಾದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಕಣಕುಂಬಿಯದೇ ಕಳಸಾ ಹಳ್ಳಕ್ಕೆ ಬಿದ್ದ ನೀರು ಮಹದಾಯಿಯ ಪಾಲು, ಅರಬ್ಬಿ ಸಮುದ್ರದ ಪಾಲು. ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರೂ ನಗರಕ್ಕೆ ಬರುವುದಿಲ್ಲ. ಅದು ಕೃಷ್ಣೆಯ ದಂಡೆಯ ಕುಡಚಿ, ಅಥಣಿ ಭಾಗದ ಸಂಕಟ. ಬೆಳಗಾವಿಯನ್ನು ಮುಳುಗಿಸಿದ್ದು ಬೆಳಗಾವಿಯ ಮೇಲೆಯೇ ಸುರಿದ ಮಳೆ, ಮತ್ತು ಹೂಳು ತುಂಬಿ ಅದನ್ನು ಹೊರಲಾರದೆ ಹೋದ ನಗರದ ಬಳ್ಳಾರಿ ನಾಲಾ. ನಗರದವರು ಮಳೆಗಾಲಕ್ಕೆ ಮೊದಲು ನೋಡಬೇಕಾದದ್ದು ಆ ನಾಲೆಯನ್ನು.

ತಪ್ಪು ಕಲ್ಪನೆ: ಬೆಳಗಾವಿ ಎತ್ತರದ ಊರು, ಇಲ್ಲಿ ನೀರು ನಿಲ್ಲುವುದಿಲ್ಲ.

ವಾಸ್ತವ: ಊರು ಸಮುದ್ರಮಟ್ಟದಿಂದ ಎಷ್ಟೇ ಎತ್ತರದಲ್ಲಿರಲಿ, ಊರೊಳಗಿನ ತಗ್ಗು ತಗ್ಗೇ. ಶಹಾಪುರ, ವಡಗಾವಿಯ ಕಡೆಗೆ ನೆಲ ಇಳಿಯುತ್ತದೆ; ಅದರಾಚೆ ಭತ್ತದ ಗದ್ದೆಗಳು. ನಾಲಾ ಉಕ್ಕಿದರೆ ಗದ್ದೆ ತುಂಬುತ್ತದೆ, ಆಮೇಲೆ ಓಣಿ. ಇದು ನೇಕಾರರ ಸೀಮೆ. ಮನೆಯೇ ಕಾರ್ಖಾನೆ, ಮಲಗುವ ಕೋಣೆಯ ಪಕ್ಕದಲ್ಲೇ ಮಗ್ಗ. ಮೊಣಕಾಲುದ್ದ ನೀರು ಬಂದರೂ ಮಗ್ಗದ ಮೋಟಾರು ಸುಡುತ್ತದೆ, ನೂಲು ಕೆಸರಾಗುತ್ತದೆ, ಅರ್ಧ ನೇಯ್ದ ಸೀರೆ ಯಾವ ವ್ಯಾಪಾರಿಗೂ ಬೇಡವಾಗುತ್ತದೆ. ಕಟ್ಟಿಗೆಯ ಚೌಕಟ್ಟು ಉಬ್ಬಿ ಸೊಟ್ಟಗಾದರೆ ಮಗ್ಗ ಮತ್ತೆ ಹದಕ್ಕೆ ಬರುವುದು ಕಷ್ಟ. ಇಂಥ ಮನೆಗಳ ಕಷ್ಟವನ್ನು ಹೊಸ್ತಿಲ ಮೇಲೆ ಎಷ್ಟು ಅಡಿ ನೀರು ನಿಂತಿತ್ತು ಎಂದು ಅಳೆಯುವುದು ನನ್ನ ಮಟ್ಟಿಗೆ ಅನ್ಯಾಯ. ಎಷ್ಟು ದಿನದ ದುಡಿಮೆ ಹೋಯಿತೆಂದು ಕೇಳಬೇಕು.

ತಪ್ಪು ಕಲ್ಪನೆ: ಅಣೆಕಟ್ಟಿನಿಂದ ನೀರು ಬಿಡುವ ಮುನ್ನ ಎಚ್ಚರಿಕೆ ಬಂದೇ ಬರುತ್ತದೆ.

ವಾಸ್ತವ: ರಾಮದುರ್ಗಕ್ಕೆ ಈ ಮಾತು ಹೊಂದೀತು. ಖಾನಾಪುರಕ್ಕೆ ಹೊಂದುವುದಿಲ್ಲ. ನವಿಲುತೀರ್ಥ ಖಾನಾಪುರದ ಕೆಳಗಿದೆ; ಕಣಕುಂಬಿಗೂ ಖಾನಾಪುರಕ್ಕೂ ನಡುವೆ ಪ್ರವಾಹವನ್ನು ತಡೆದು ಹಿಡಿಯುವ ದೊಡ್ಡ ಜಲಾಶಯವಿಲ್ಲ. ಕಾಡಿನ ಮಳೆ ನೇರ ಖಾನಾಪುರದ ಸೇತುವೆಗೆ ಬಂದು ಬಡಿಯುತ್ತದೆ. ಮೇಲೆ ಹೊಳೆದಂಡೆಯಲ್ಲಿರುವ ಹಬ್ಬಾನಟ್ಟಿಯ ಮಾರುತಿ ಗುಡಿ ಮುಳುಗಿದ ಸುದ್ದಿ ಬಂದರೆ ಕೆಳಗಿನವರು ಅದನ್ನೇ ಎಚ್ಚರಿಕೆಯೆಂದು ಎಣಿಸಲಿ. ಇಲ್ಲಿ ಕಣಕುಂಬಿಯ ಮಳೆಯ ಲೆಕ್ಕ ನಿಜಕ್ಕೂ ಬೇಕು.

ತಪ್ಪು ಕಲ್ಪನೆ: ಸೇತುವೆಯ ಮೇಲೆ ಮೊಣಕಾಲಿಗಿಂತ ಕಡಿಮೆ ನೀರಿದ್ದರೆ ದಾಟಬಹುದು.

ವಾಸ್ತವ: ರಭಸವಿದ್ದರೆ ಅರ್ಧ ಅಡಿ ನೀರು ಆಳನ್ನು ಕೆಡವುತ್ತದೆ, ಎರಡು ಅಡಿ ನೀರು ಕಾರನ್ನು ಎತ್ತಿಕೊಂಡು ಹೋಗುತ್ತದೆ.

ತಪ್ಪು ಕಲ್ಪನೆ: ಹೊಳೆಯಿಂದ ದೂರವಿರುವ ಮನೆಗೆ ಭಯವಿಲ್ಲ.

ವಾಸ್ತವ: 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆ ಕುಸಿದು 7 ಜನ ಸತ್ತರು. ಅಲ್ಲಿ ಜೀವ ತೆಗೆದದ್ದು ಹೊಳೆಯಲ್ಲ, ಗೋಡೆ. ಮಣ್ಣಿನ ಗೋಡೆ ದಿನಗಟ್ಟಲೆ ನೀರು ಕುಡಿದು, ಮಳೆ ನಿಂತ ಮೇಲೂ ಬೀಳಬಹುದು. ಬಿರುಕು ಬಿಟ್ಟಿದ್ದರೆ, ಬುಡ ಉಬ್ಬಿದ್ದರೆ ಅದರ ಮಗ್ಗುಲಲ್ಲಿ ಮಕ್ಕಳನ್ನು ಮಲಗಿಸಬೇಡಿ; ಆ ರಾತ್ರಿ ನೆಂಟರ ಮನೆಯೋ ಊರ ಶಾಲೆಯೋ ಲೇಸು.

ತಪ್ಪು ಕಲ್ಪನೆ: ಬಾವಿ ತುಂಬಿದೆ, ಇನ್ನು ನೀರಿನ ಚಿಂತೆಯಿಲ್ಲ.

ವಾಸ್ತವ: ಬೆಳಗಾವಿ ಬಾವಿಗಳ ಊರು. 1924ರ ಕಾಂಗ್ರೆಸ್ ಅಧಿವೇಶನಕ್ಕೆಂದು ತಿಲಕವಾಡಿಯಲ್ಲಿ ತೋಡಿದ ಬಾವಿ ಇನ್ನೂ ಇದೆ. ಆದರೆ ನೆರೆಯ ನೀರಿನೊಡನೆ ಗಟಾರದ ನೀರೂ ಬಾವಿಗೆ ಇಳಿದಿರುತ್ತದೆ. ತಿಳಿಯಾಗಿ ಕಂಡ ಮಾತ್ರಕ್ಕೆ ಕುಡಿಯಬಾರದು. ನೀರು ಪೂರ್ತಿ ಎತ್ತಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಪರೀಕ್ಷೆ ಮಾಡಿಸುವವರೆಗೆ ಕುದಿಸಿದ ನೀರನ್ನೇ ಬಳಸಿ.

ತಪ್ಪು ಕಲ್ಪನೆ: ನೀರು ಇಳಿದ ಕೂಡಲೇ ಎಲ್ಲವನ್ನೂ ತೊಳೆದು ಹೊರಗೆ ಹಾಕಬೇಕು.

ವಾಸ್ತವ: ಮೊದಲು ಫೋಟೋ. ಗೋಡೆಯ ಮೇಲಿನ ನೀರಿನ ಗೆರೆ, ಕೆಟ್ಟ ಮೋಟಾರು, ನೆನೆದ ನೂಲು ಎಲ್ಲದರದೂ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಯಾವ ಮನೆಗೆ ಎಷ್ಟು ಎಂಬುದು ಹಾನಿಯ ಅಂದಾಜಿನ ಮೇಲೆ ನಿಂತಿತ್ತು. ಪಂಚನಾಮೆ ಆಗುವ ಮೊದಲೇ ಗುರುತು ತೊಳೆದುಹೋದರೆ ಬಾಡಿಗೆ ಮನೆಯ ನೇಕಾರನ ಕೈಯಲ್ಲಿ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.