ಬಂದವರ ಲೆಕ್ಕ ಬರೆದವರು

ದಾವಣಗೆರೆಯ ಹಳೆಯ ಮನೆತನಗಳ ಹೆಸರುಗಳನ್ನು ಸಾಲಾಗಿ ಬರೆದುಕೊಂಡರೆ ಸುತ್ತಲ ಸೀಮೆಯ ನಕ್ಷೆಯೇ ಎದುರಿಗೆ ಬರುತ್ತದೆ. ಜಿಲ್ಲಾ ಆಸ್ಪತ್ರೆಗೆ ಹೆಸರು ಕೊಟ್ಟ ಚಿಗಟೇರಿ ಇರುವುದು ಹರಪನಹಳ್ಳಿ ತಾಲ್ಲೂಕಿನಲ್ಲಿ. ದಾನಿ ರಾಜನಹಳ್ಳಿ ಹನುಮಂತಪ್ಪನವರ ಹೆಸರಿನ ರಾಜನಹಳ್ಳಿ ಹರಿಹರದ ಮಗ್ಗುಲಲ್ಲಿ, ಹೊಳೆದಂಡೆಯಲ್ಲಿದೆ. ಶಾಮನೂರು ನಗರದ ಅಂಚಿಗೇ ಅಂಟಿಕೊಂಡಿದೆ. ದಾವಣಗೆರೆ ಬಂದು ಸೇರಿದವರ ಊರು. ಬೇತೂರಿನ ನೆರಳಲ್ಲಿದ್ದ ಸಣ್ಣ ಹಳ್ಳಿಯನ್ನು ಹೈದರ್ ಅಲಿ ಆಪೋಜಿ ರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆಕರೆದು ಕೂರಿಸಿದ ಎಂದು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಆಮೇಲೆ ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆ ಮುಗಿಯಿತು, 1880ರ ದಶಕದ ಕೊನೆಗೆ ರೈಲು ಬಂತು, ನಂತರ ಹತ್ತಿ ಗಿರಣಿಗಳು, 1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ. ಪ್ರತಿ ಸಲವೂ ಗಂಟುಮೂಟೆ ಹೊತ್ತ ಹೊಸಬರು ಇಳಿದರು. ಹೊಳೆಯ ಆಚೆ ದಡ ಮುಂಬೈ ಪ್ರಾಂತ್ಯ, ಈಚೆ ದಡ ಮೈಸೂರು ಸಂಸ್ಥಾನ. ಆದರೂ ದಾಟಿದವರ ಹೆಸರನ್ನು ಒಬ್ಬೊಬ್ಬರಾಗಿ ಬರೆದಿಟ್ಟ ವಹಿ ಸೇತುವೆಯ ಬಾಯಲ್ಲಿ ಇರಲಿಲ್ಲ, ರೈಲಿನ ಮೂರನೇ ದರ್ಜೆಯ ಟಿಕೆಟ್ಟಿನ ಮೇಲೆ ಪ್ರಯಾಣಿಕನ ಹೆಸರೂ ಇರುತ್ತಿರಲಿಲ್ಲ.

ಹಡಗು ಹತ್ತಿದವರ ಮಕ್ಕಳು ಈ ವಿಷಯದಲ್ಲಿ ಅದೃಷ್ಟವಂತರು ಎಂಬ ಮಾತಿದೆ. 1860ರ ನವೆಂಬರ್ 16ರಂದು ಮದ್ರಾಸಿನಿಂದ ಹೋದ ‘ಟ್ರೂರೊ’ ಹಡಗು ದಕ್ಷಿಣ ಆಫ್ರಿಕಾದ ನಟಾಲ್ ಸೀಮೆಯ ಡರ್ಬನ್ ಮುಟ್ಟಿತು. ಅಂದಿನಿಂದ 1911ರವರೆಗೆ ಕರಾರು ಕೂಲಿಗಳಾಗಿ ನಟಾಲಿಗೆ ಹೋದ 1.52 ಲಕ್ಷ ಮಂದಿಗೂ ಪಟ್ಟಿಗಳಲ್ಲಿ ಒಂದೊಂದು ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಜಿಲ್ಲೆ, ತಾಲ್ಲೂಕು, ಹಳ್ಳಿ ಇವೆ. ಮಾರಿಷಸ್‌ನ ಇಂಥದೇ ವಹಿಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಡರ್ಬನ್ನಿನ ಮರಿಮಗಳು ಮುತ್ತಜ್ಜನ ಹಣೆಯ ಗಾಯದ ಗುರುತನ್ನೂ ಓದಬಲ್ಲಳು. ದಾವಣಗೆರೆಯವಳಿಗೆ ಆ ಭಾಗ್ಯವಿಲ್ಲ. ಆದರೆ ಆ ಗಾಯದ ಗುರುತು ಬರೆದಿದ್ದೇಕೆ ಎಂದು ಕೇಳಿಕೊಳ್ಳಬೇಕು. ತೋಟದಿಂದ ಓಡಿಹೋದ ಕೂಲಿಯನ್ನು ಹಿಡಿದು ತರಲು ಅದು ಬೇಕಿತ್ತು. ಹಾಗಾಗಿ ಎತ್ತರ, ಗಾಯ, ಮಚ್ಚೆಗಳಲ್ಲಿ ಆ ಪಟ್ಟಿ ನೆಚ್ಚಿಕೆಗೆ ತಕ್ಕದ್ದು. ಗುಮಾಸ್ತನಿಗೆ ಕಿವಿಗೆ ಬಿದ್ದಂತೆ ಬರೆದರೆ ಸಾಕಾಗಿದ್ದ ಹೆಸರು, ಜಾತಿ, ಹಳ್ಳಿಗಳಲ್ಲಿ ಅಷ್ಟು ಅಲ್ಲ. ಯಾವ ದಾಖಲೆಯೇ ಆಗಲಿ, ಬರೆದವನ ಹೊಟ್ಟೆಪಾಡು ಎಲ್ಲಿದೆಯೋ ಅಲ್ಲಿ ಗಟ್ಟಿ, ಉಳಿದೆಡೆ ಪೊಳ್ಳು. ಈ ಅಳತೆಗೋಲು ಹಿಡಿದು ನೋಡಿದರೆ, ಮಧ್ಯ ಕರ್ನಾಟಕದ ಬಹಳಷ್ಟು ಮನೆಗಳಿಗೆ ಹಡಗಿನ ಪಟ್ಟಿಗಿಂತ ಒಂದು ಕೈ ಮೇಲಾದ ಆಗಮನದ ದಾಖಲೆಯೇ ಇದೆ. ಅದು ಹೆಳವರ ಕಡತ.

ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಮನೆಮುಂದೆ ನಿಂತು ವಂಶಾವಳಿ ಹೇಳುವ ಹೆಳವರನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಹಳ್ಳಿಯ ಚರಿತ್ರೆಯ ಕಾವಲುಗಾರರೆಂದು ಗುರುತಿಸಿದ್ದಾನೆ. ಲಿಂಗಾಯತರು, ಕುರುಬರು, ರೆಡ್ಡಿಗಳು ಮುಂತಾದವರ ಮನೆಗಳನ್ನು ಅವರು ತಮ್ಮತಮ್ಮಲ್ಲಿ ಹಂಚಿಕೊಂಡಿದ್ದಾರೆ. ಒಬ್ಬನ ಒಕ್ಕಲಿಗೆ ಇನ್ನೊಬ್ಬ ಹೋಗುವಂತಿಲ್ಲ. ಮೂಲ ಊರು, ಬೆಡಗು ಎಂಬ ಕುಲದ ಗುರುತು, ಅಲ್ಲಿಂದ ಯಾರು ಎಲ್ಲಿಗೆ ಹೋದರು, ಅಣ್ಣ ಎಲ್ಲಿ ಉಳಿದ, ತಮ್ಮ ಎಲ್ಲಿ ನೆಲೆಯೂರಿದ ಎಂಬುದು ಕಡತದ ತಿರುಳು. ತಾಳೆಗರಿ, ಬಟ್ಟೆಯ ಕಡತಗಳಿಂದ ಇಂದು ರಟ್ಟಿನ ನೋಟುಪುಸ್ತಕಕ್ಕೆ, ಎತ್ತಿನಿಂದ ಗಾಡಿಗೆ ಬಂದಿದ್ದರೂ ತಿರುಳು ಬದಲಾಗಿಲ್ಲ. ಕಾಳು, ಬಟ್ಟೆ, ಪಾತ್ರೆ, ದನ, ಹಣ ಕೊಡುವವರು ಇದೇ ಒಕ್ಕಲಿನವರು. ಕೆಲವು ವರ್ಷಗಳಿಗೊಮ್ಮೆ ಬರುವ ಹೆಳವನಿಗೆ ಒಂದು ಮನೆ ಊರು ಬಿಟ್ಟರೆ ಆದಾಯದ ಒಂದು ಬಾಗಿಲು ಮುಚ್ಚಿದಂತೆ. ಆದ್ದರಿಂದಲೇ ಹೋದವರು ಎಲ್ಲಿಗೆ ಹೋದರು ಎಂಬುದನ್ನು ಅವನು ಬೆನ್ನುಹತ್ತಿ ಪತ್ತೆ ಮಾಡಬೇಕು, ಮರೆಯದಂತೆ ಬರೆಯಬೇಕು. ಬಂದರಿನ ಗುಮಾಸ್ತನಿಗೆ ವಲಸೆ ಒಂದು ದಿನದ ಕೆಲಸ. ಹೆಳವನಿಗೆ ಅದು ತಲೆಮಾರುಗಳ ಜೀವನ.

ಹೊಗಳಿ ಉಣ್ಣುವವನ ಮಾತಿಗೆ ಬೆಲೆಯೇನು ಎಂಬ ಆಕ್ಷೇಪ ಸಹಜವೇ. ಬಿರುದು, ಶೌರ್ಯ, ಅರಸರ ಆಸ್ಥಾನದ ನಂಟು, ಕಲ್ಯಾಣದಿಂದ ಹೊರಟ ಕಥೆ ಇವನ್ನೆಲ್ಲ ನಾನೂ ನಂಬುವುದಿಲ್ಲ. ಕೇಳಿದವರ ಎದೆ ಉಬ್ಬಿದಷ್ಟೂ ಕಾಣಿಕೆ ಹೆಚ್ಚು, ಹಾಗಾಗಿ ಉಬ್ಬಿಸುವುದರಲ್ಲಿ ಅವನಿಗೆ ಲಾಭವಿದೆ. ಆದರೆ ನಿಮ್ಮ ಮುತ್ತಜ್ಜನ ತಮ್ಮ ರಾಣೆಬೆನ್ನೂರು ಕಡೆಯಿಂದ ಹೊಳೆ ದಾಟಿ ಬಂದ ಎಂದು ಸುಳ್ಳು ಹೇಳಿದರೆ ಏನು ಗಿಟ್ಟುತ್ತದೆ? ಆ ಕಡೆಯ ದಾಯಾದಿಗಳ ಮನೆಯಲ್ಲೂ ಅದೇ ಕಡತ ತೆರೆಯಬೇಕು, ಮದುವೆ-ಮುಂಜಿಗಳಲ್ಲಿ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಉಣ್ಣುವವರು. ಸುಳ್ಳು ಸಿಕ್ಕಿಬಿದ್ದರೆ ಎರಡು ಮನೆಯ ಬಾಗಿಲೂ ಹೋಯಿತು. ಹೊಗಳಿಕೆಯನ್ನು ತೂರಿ, ಊರುಗಳ ಹೆಸರನ್ನು ಕಾಳಿನಂತೆ ಉಳಿಸಿಕೊಳ್ಳುವುದೇ ಕಡತ ಓದುವ ಕ್ರಮ. ಕಟ್ಟುಕಥೆ ಹೆಳವರ ಕಡತಕ್ಕಷ್ಟೇ ಅಂಟಿದ್ದಲ್ಲ. ಅಮೆರಿಕದ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರು ಕೆಡಿಸಿದರೆಂಬ ಕಥೆ ಲಕ್ಷಾಂತರ ಮನೆಗಳಲ್ಲಿದೆ. ಆದರೆ ಪಟ್ಟಿ ತಯಾರಾಗುತ್ತಿದ್ದುದು ಹಡಗು ಹೊರಟ ಬಂದರಿನಲ್ಲೇ. ಮುದ್ರೆಯೊತ್ತಿದ ದಾಖಲೆಯ ಸುತ್ತಲೂ ಕಟ್ಟುಕಥೆ ಬೆಳೆಯುತ್ತದೆ.

ಇಸವಿಯಿಲ್ಲ ಎಂಬುದು ಇನ್ನೂ ಗಟ್ಟಿ ಆಕ್ಷೇಪ. ಕಡತದಲ್ಲಿ ತಲೆಮಾರು ಉಂಟು, ತಾರೀಖು ಅಪರೂಪ. ಇಲ್ಲಿ ಕಂದಾಯ ಇಲಾಖೆ ನೆರವಿಗೆ ಬರುತ್ತದೆ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದ ಸರ್ವೆಯ ನಂತರ ಪ್ರತಿ ಹೊಲಕ್ಕೂ ನಂಬರು ಬಂತು, ನಂಬರಿನ ಎದುರು ಖಾತೆದಾರನ ಹೆಸರು ಬಂತು. ಸರ್ಕಾರದ ಹೊಟ್ಟೆಪಾಡು ಕಂದಾಯ. ಯಾರಿಂದ ವಸೂಲಿ ಎಂಬುದರಲ್ಲಿ ಅದು ತಪ್ಪುವುದು ಕಡಿಮೆ, ಯಾರು ಯಾರ ಮಗ ಎಂಬುದರಲ್ಲಿ ಉದಾಸೀನ. ಹೆಳವನದು ಇದಕ್ಕೆ ತದ್ವಿರುದ್ಧ. ಒಬ್ಬನ ಕುರುಡು ಇನ್ನೊಬ್ಬನ ಕಣ್ಣು. ಕಡತ ಹೇಳಿದ ಮೂಲ ಊರಿನ ಹಳೆಯ ವಹಿಯಲ್ಲಿ ಅಜ್ಜನ ಹೆಸರು ಯಾವ ವರ್ಷದವರೆಗೆ ಇದ್ದು ನಂತರ ಬೇರೆಯವರಿಗೆ ಹೋಗಿದೆಯೋ, ವಲಸೆ ಸರಿಸುಮಾರು ಆಗ.

ಕಡೆಯ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹೊಲವಿಲ್ಲದವರ, ಹೆಳವನಿಗೆ ಕೊಡಲು ಏನೂ ಇಲ್ಲದವರ ಮನೆಮುಂದೆ ಎತ್ತು ನಿಲ್ಲಲಿಲ್ಲ. ಗಿರಣಿಗೆ, ಕಿರ್ಲೋಸ್ಕರಿಗೆ ದುಡಿಯಲು ಬಂದ ಎಷ್ಟೋ ಮಂದಿಗೆ ಹಾಜರಿ ಪುಸ್ತಕ, ಮಕ್ಕಳ ಶಾಲೆಯ ದಾಖಲಾತಿ ವಹಿ ಇವಷ್ಟೇ ದಿಕ್ಕು. ಅವು ಎರಡು-ಮೂರು ತಲೆಮಾರಿನಾಚೆ ಒಯ್ಯಲಾರವು. ಹೆಣ್ಣುಮಕ್ಕಳ ವಿಷಯದಲ್ಲಂತೂ ಹಡಗಿನ ಪಟ್ಟಿಯೇ ಗೆಲ್ಲುತ್ತದೆ. ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂಬ ನಿಯಮವಿದ್ದುದರಿಂದ ಗುಮಾಸ್ತ ಪ್ರತಿ ಹೆಂಗಸನ್ನೂ ಎಣಿಸಲೇಬೇಕಿತ್ತು. ಅವಳಿಗೆ ಅವಳದೇ ಸಂಖ್ಯೆ, ಅವಳದೇ ಊರು. ನಮ್ಮ ವಂಶಾವಳಿ ಗಂಡುಸಾಲಿನದು. ಅಜ್ಜಿಯ ಕಡೆಯ ಬೇರು ಹುಡುಕುವವರು ಅವಳ ತವರಿನ ಬೆಡಗು ಕೇಳಿಕೊಂಡು, ಆ ಮನೆಯನ್ನು ಹೇಳುವ ಬೇರೊಬ್ಬ ಹೆಳವನನ್ನೇ ಹುಡುಕಬೇಕು. ಮೊದಲು ಕಾಣಿಕೆಯ ಮಾತು ಆಗುತ್ತದೆ, ಪುಟ ತಿರುವುವುದು ಆಮೇಲೆ.