ಎಳೆಯ ಕಿವಿ, ಬಲಿತ ಕಿವಿ

ಹಸುಗೂಸಿಗೆ ಏನೂ ತಿಳಿಯದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಯಸ್ಸಾದಂತೆ ಕಣ್ಣು ಕಿವಿಗಳ ಗ್ರಹಣಶಕ್ತಿ ಹೆಚ್ಚುತ್ತ ಹೋಗುತ್ತದೆ, ಮಗುವಿಗೆ ತಿಳಿಯದ ಸೂಕ್ಷ್ಮಗಳು ದೊಡ್ಡವರಿಗೆ ತಿಳಿಯುತ್ತವೆ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಮನಃಶಾಸ್ತ್ರಜ್ಞರ ಪ್ರಯೋಗಗಳು ಇದಕ್ಕೆ ವಿರುದ್ಧವಾದ ಒಂದು ಸೋಜಿಗವನ್ನು ಹೊರಗೆಡವಿವೆ. ಕೆಲವು ವಿಷಯಗಳಲ್ಲಿ ಆರು ತಿಂಗಳ ಶಿಶುವಿನ ಗ್ರಹಣಶಕ್ತಿ ದೊಡ್ಡವರದಕ್ಕಿಂತ ಸೂಕ್ಷ್ಮವಾದುದು! ಭಾಷೆಯ ಧ್ವನಿಗಳನ್ನು ಕೇಳಿ ತಿಳಿಯುವುದು ಅಂತಹ ವಿಷಯಗಳಲ್ಲೊಂದು. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಕೇಳುತ್ತ ಬೆಳೆಯುವ ಗಡಿನಾಡಿನವರಾದ ನಾವು ಇದನ್ನು ಅವಶ್ಯವಾಗಿ ತಿಳಿದಿರಬೇಕು.

ಮಾತು ಬಾರದ ಶಿಶುವಿಗೆ ಏನು ಕೇಳಿಸಿತು ಎಂದು ಅರಿಯುವುದು ಹೇಗೆ? ಇದಕ್ಕೆ ಅಮೆರಿಕದ ಪೀಟರ್ ಐಮಾಸ್ ಮತ್ತು ಅವರ ಸಂಗಡಿಗರು 1971ರಲ್ಲಿ ಒಂದು ಜಾಣ್ಮೆಯ ಉಪಾಯವನ್ನು ಬಳಸಿದರು. ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಶಿಶುಗಳ ಬಾಯಿಗೆ ಹಾಲಿಲ್ಲದ ರಬ್ಬರ್ ನಿಪ್ಪಲನ್ನು ಕೊಟ್ಟು, ಅದನ್ನೊಂದು ಯಂತ್ರಕ್ಕೆ ಜೋಡಿಸಿದರು. ಶಿಶು ಬಿರುಸಾಗಿ ಚೀಪಿದಾಗ 'ಬ' ಎಂಬ ಧ್ವನಿ ಕೇಳಿಸುತ್ತಿತ್ತು. ಹೊಸದರಲ್ಲಿ ಅದು ಉತ್ಸಾಹದಿಂದ ಚೀಪುತ್ತಿತ್ತು. ಅದೇ ಧ್ವನಿ ಕೇಳಿ ಕೇಳಿ ಬೇಸರವಾದಾಗ ಚೀಪುವುದು ಕಡಮೆಯಾಗುತ್ತಿತ್ತು. ಆಗ ತಟ್ಟನೆ 'ಪ' ಎಂದು ಬದಲಾಯಿಸಿದರೆ ಶಿಶು ಮತ್ತೆ ಬಿರುಸಾಗಿ ಚೀಪತೊಡಗಿತು. ಧ್ವನಿಯನ್ನು ಬದಲಾಯಿಸದೆ ಇದ್ದ ಶಿಶುಗಳಲ್ಲಿ ಈ ಉತ್ಸಾಹ ಕಾಣಿಸಲಿಲ್ಲ. ಅಂದರೆ 'ಬ' ಬೇರೆ, 'ಪ' ಬೇರೆ ಎಂಬುದು ಒಂದು ತಿಂಗಳ ಕೂಸಿಗೂ ತಿಳಿಯುತ್ತದೆ ಎಂದಾಯಿತು.

ಇದಕ್ಕಿಂತಲೂ ಸ್ವಾರಸ್ಯವಾದುದು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ನಡೆಸಿದ ಸಂಶೋಧನೆ. ಅವರು ಆರಿಸಿಕೊಂಡದ್ದು ಹಿಂದಿಯ 'ತ' ಮತ್ತು 'ಟ'ಗಳನ್ನು. ಕನ್ನಡಿಗರಾದ ನಮಗೆ ಇವೆರಡರ ಭೇದ ಬೆಳಕಿನಷ್ಟು ಸ್ಪಷ್ಟ. 'ಕತ್ತು' ಎಂದರೆ ಒಂದು, 'ಕಟ್ಟು' ಎಂದರೆ ಇನ್ನೊಂದು. ಆದರೆ ಇಂಗ್ಲಿಷಿನಲ್ಲಿ ಇವೆರಡರ ನಡುವಿನ ಒಂದೇ ಧ್ವನಿಯಿದೆ. ಆದಕಾರಣ ಇಂಗ್ಲಿಷ್ ಮಾತೃಭಾಷೆಯ ದೊಡ್ಡವರಲ್ಲಿ ಹೆಚ್ಚಿನವರಿಗೆ ಈ ಭೇದ ತಿಳಿಯಲೇ ಇಲ್ಲ. ಹಾಗಾದರೆ ಅವರ ಮಕ್ಕಳಿಗೆ?

ಈ ಪ್ರಯೋಗದಲ್ಲಿ ಶಿಶುವನ್ನು ತಾಯಿಯ ಮಡಿಲಲ್ಲಿ ಕುಳ್ಳಿರಿಸಿ, ಧ್ವನಿವರ್ಧಕದಿಂದ ಒಂದೇ ಧ್ವನಿಯನ್ನು ಮತ್ತೆ ಮತ್ತೆ ಕೇಳಿಸುತ್ತಿದ್ದರು. ಅದು ಬದಲಾದಾಗ ಶಿಶು ತಲೆ ತಿರುಗಿಸಿದರೆ ಪಕ್ಕದ ಪೆಟ್ಟಿಗೆಯೊಳಗೆ ದೀಪ ಬೆಳಗಿ ಆಟದ ಪ್ರಾಣಿಯೊಂದು ಕುಣಿಯುತ್ತಿತ್ತು. ತಾಯಿಯಿಂದ ಸೂಚನೆ ಸಿಗದಂತೆ ಆಕೆಯ ಕಿವಿಗೆ ಸಂಗೀತದ ಹೆಡ್‌ಫೋನನ್ನು ಹಾಕುತ್ತಿದ್ದರು. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಎಂದೂ ಕೇಳಿರದ ಹಿಂದಿಯ 'ತ'-'ಟ'ಗಳನ್ನು ಗುರುತಿಸಿದುವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಾದರೋ ಕೆಲವಕ್ಕೆ ಮಾತ್ರ ಅದು ಸಾಧ್ಯವಾಯಿತು. ಹಿಂದಿ ಮನೆಗಳಲ್ಲಿ ಬೆಳೆದ ಅದೇ ವಯಸ್ಸಿನ ಶಿಶುಗಳಿಗೆ ಅದರಲ್ಲಿ ತೊಡಕೇ ಇರಲಿಲ್ಲ. ಇದೇ ಸಂಶೋಧಕರು 1983ರಲ್ಲಿ ನಾಲ್ಕು, ಎಂಟು ಮತ್ತು ಹನ್ನೆರಡು ವರ್ಷದ ಇಂಗ್ಲಿಷ್ ಮಕ್ಕಳನ್ನು ಪರೀಕ್ಷಿಸಿದ್ದರು. ಆ ಮಕ್ಕಳೂ ದೊಡ್ಡವರಂತೆಯೇ ಸೋತಿದ್ದರು. ಬದಲಾವಣೆ ನಡೆಯುವುದು ಶಾಲೆಯ ಮೆಟ್ಟಲು ಹತ್ತುವಾಗ ಅಲ್ಲ, ತೊಟ್ಟಿಲಲ್ಲಿರುವಾಗಲೇ.

ಹಾಗೆಂದರೆ ವರ್ಷ ತುಂಬುವಷ್ಟರಲ್ಲಿ ಕಿವಿ ಮಂದವಾಗುತ್ತದೆಯೆ? ಇಲ್ಲ. ಧ್ವನಿಯ ತುಣುಕನ್ನು ಮಾತೆಂದು ತೋರದಂತೆ ಮೊಟಕುಗೊಳಿಸಿ ಕೇಳಿಸಿದಾಗ ದೊಡ್ಡವರಿಗೂ ಆ ವ್ಯತ್ಯಾಸ ತಿಳಿಯಿತು. ಕಿವಿ ಕೇಳುತ್ತದೆ, ಆದರೆ ಮನಸ್ಸು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನಸ್ಸಿನಲ್ಲಿ ಸ್ವಂತ ಭಾಷೆಯ ಧ್ವನಿಗಳಿಗಾಗಿ ಗೂಡುಗಳು ಏರ್ಪಟ್ಟಿರುತ್ತವೆ. ಹೊರಗಿನಿಂದ ಬಂದ ಧ್ವನಿಯು ಹತ್ತಿರದ ಗೂಡಿಗೆ ಹೋಗಿ ಬೀಳುತ್ತದೆ. ಎರಡು ಧ್ವನಿಗಳು ಒಂದೇ ಗೂಡಿಗೆ ಬಿದ್ದರೆ ಅವು ಒಂದೇ ಎಂದು ತೋರುತ್ತವೆ. ಇದು ನಷ್ಟವೆಂದು ಕಂಡರೂ ಲಾಭವೇ ಹೆಚ್ಚು. ಬೇಡದ ಭೇದಗಳನ್ನು ಬದಿಗಿಟ್ಟುದರಿಂದಲೇ ಮಗುವಿಗೆ ತನ್ನವರ ಮಾತು ಬೇಗ ತಿಳಿಯುತ್ತದೆ. ಕಣ್ಣಿನ ವಿಷಯದಲ್ಲಿಯೂ ಹೀಗೆಯೇ. 2002ರಲ್ಲಿ ಒಲಿವಿಯೆ ಪಾಸ್ಕಾಲಿಸ್ ಮತ್ತು ಸಂಗಡಿಗರು ತೋರಿಸಿದಂತೆ, ಆರು ತಿಂಗಳ ಶಿಶುಗಳು ಒಂದು ಕೋತಿಯ ಮುಖದಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸಬಲ್ಲವು. ಒಂಬತ್ತು ತಿಂಗಳ ಶಿಶುಗಳಿಗೂ ದೊಡ್ಡವರಿಗೂ ಮನುಷ್ಯರ ಮುಖಗಳಲ್ಲಿ ಮಾತ್ರ ಅದು ಸಾಧ್ಯವಾಯಿತು.

ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಲೆಯಾಳದಲ್ಲಿ ನಾಲಗೆಯನ್ನು ಹಲ್ಲಿಗೆ ತಾಗಿಸಿ 'ಕುತ್ತಿ' ಎಂದರೆ 'ಚುಚ್ಚಿದ' ಎಂದರ್ಥ. ನಾಲಗೆಯನ್ನು ಮೇಲಕ್ಕೆ ಮಡಚಿ 'ಕುಟ್ಟಿ' ಎಂದರೆ ಮಗು. ಇವೆರಡರ ನಡುವೆ, ಮೇಲ್ಹಲ್ಲಿನ ಬುಡದ ವಸಡಿಗೆ ನಾಲಗೆ ತಾಗಿಸಿ ನುಡಿಯುವ ಮೂರನೆಯ ಶಬ್ದವೊಂದಿದೆ. ಅದರ ಅರ್ಥ ಗೂಟ. ಕನ್ನಡದಲ್ಲಿ ಎರಡು ಗೂಡುಗಳಿರುವಲ್ಲಿ ಮಲೆಯಾಳದಲ್ಲಿ ಮೂರು! ಚಿಕ್ಕಂದಿನಿಂದ ನೆರೆಮನೆಯ ಮಲೆಯಾಳವನ್ನು ಕೇಳಿ ಬೆಳೆದವನಿಗೆ ಗೂಟವೂ ಮಗುವೂ ಬೇರೆಯಾಗಿ ಕೇಳಿಸಿದರೆ, ದೊಡ್ಡವನಾದ ಮೇಲೆ ಇಲ್ಲಿಗೆ ಬಂದವನು ತಬ್ಬಿಬ್ಬಾಗುವುದುಂಟು. ಅವನನ್ನು ಕಂಡು ನಗುವುದು ಸಲ್ಲದು. ಅಂತೆಯೇ ಉಕ್ತಲೇಖನದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡುವ ಸಹಪಾಠಿಯನ್ನು ಸೋಮಾರಿ ಎನ್ನುವ ಮೊದಲು, ಅವನ ಮನೆಮಾತಿನಲ್ಲಿ ಆ ಭೇದ ಕೇಳಿಬರುತ್ತದೆಯೆ ಎಂದು ಯೋಚಿಸಬೇಕು.

ಮುಚ್ಚಿದ ಬಾಗಿಲು ಮತ್ತೆ ತೆರೆಯದೆ? ತೆರೆಯುತ್ತದೆ, ಆದರೆ ಪರಿಶ್ರಮದಿಂದ. ಜಪಾನೀಯರಿಗೆ ಇಂಗ್ಲಿಷಿನ 'ರ' ಮತ್ತು 'ಲ'ಗಳ ಭೇದ ತಿಳಿಯುವುದು ಕಷ್ಟ. ಅಮೆರಿಕದಲ್ಲಿ 1991ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಲವು ಮಂದಿಯ ಕಂಠದಲ್ಲಿ ಹಲವು ಶಬ್ದಗಳನ್ನು ಕೆಲವು ವಾರಗಳ ಕಾಲ ಕೇಳಿಸಿ, ತಪ್ಪುಸರಿಗಳನ್ನು ತಿಳಿಸುತ್ತ ಹೋದಾಗ ವಯಸ್ಕ ಜಪಾನೀಯರು ಮೊದಲಿಗಿಂತ ಚೆನ್ನಾಗಿ ಗುರುತಿಸಿದರು. ಒಬ್ಬರದೇ ಕಂಠವನ್ನಲ್ಲ, ಹಲವರ ಮಾತನ್ನು ಕೇಳಬೇಕು ಎಂಬುದು ಭಾಷೆ ಕಲಿಯುವವರಿಗೆ ಇದರಿಂದ ಸಿಗುವ ಪಾಠ.

ಶಿಶುಗಳ ವಿಷಯದಲ್ಲಿ ಪೆಟ್ರೀಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚು ಮನನೀಯ. ಅಮೆರಿಕದ ಒಂಬತ್ತು ತಿಂಗಳ ಶಿಶುಗಳೊಡನೆ ಚೀನೀ ಭಾಷೆಯವರು 12 ಸಲ, ಒಂದೊಂದು ಸಲ ಸುಮಾರು 25 ನಿಮಿಷ, ಎದುರಿಗೆ ಕುಳಿತು ಆಡಿದರು, ಪುಸ್ತಕ ಓದಿ ಹೇಳಿದರು. ಆ ಶಿಶುಗಳಲ್ಲಿ ಚೀನೀ ಧ್ವನಿಭೇದವನ್ನು ಗುರುತಿಸುವ ಶಕ್ತಿ ಉಳಿಯಿತು. ಅದೇ ಜನರ ಅದೇ ಮಾತನ್ನು ದೂರದರ್ಶನದ ಪರದೆಯ ಮೂಲಕ ತೋರಿಸಿದ ಶಿಶುಗಳಿಗೆ ಯಾವ ಪ್ರಯೋಜನವೂ ಆಗಲಿಲ್ಲ! ಧ್ವನಿಯನ್ನು ಮಾತ್ರ ಕೇಳಿಸಿದಾಗಲೂ ಹಾಗೆಯೇ ಆಯಿತು. ಶಿಶುವಿಗೆ ಭಾಷೆ ಹಿಡಿಯುವುದು ಎದುರಿಗಿರುವ ಮನುಷ್ಯನಿಂದ.

ಎರಡು ಭಾಷೆ ಕೇಳಿದರೆ ಮಗು ಗೊಂದಲಕ್ಕೀಡಾದೀತೆಂದು ಅಂಜಿ ಮನೆಯಲ್ಲಿ ಕನ್ನಡವನ್ನು ಬಿಟ್ಟುಬಿಡುವ ಹೆತ್ತವರು ನಮ್ಮಲ್ಲಿ ಇದ್ದಾರೆ. ಫ್ರೆಂಚ್ ಮತ್ತು ಇಂಗ್ಲಿಷುಗಳೆರಡನ್ನೂ ಕೇಳಿ ಬೆಳೆದ ಕೆನಡಾದ ಶಿಶುಗಳು ಎರಡೂ ಭಾಷೆಗಳ ಧ್ವನಿಭೇದಗಳನ್ನು ಉಳಿಸಿಕೊಳ್ಳುತ್ತವೆ ಎಂದು 2007ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಆದುದರಿಂದ ರಾಜ್ಯದ ಭಾಷೆ ಕಲಿಯಲೆಂದು ಮನೆಯ ಭಾಷೆಯನ್ನು ಬಲಿಗೊಡಬೇಕಾಗಿಲ್ಲ. ಮನೆಭಾಷೆಯ ಅಭಿಮಾನದಿಂದ ನೆರೆಯವರ ಮಾತಿಗೆ ಕಿವಿ ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ನಮ್ಮ ಶಾಲೆ ಕನ್ನಡದ ಅಕ್ಷರವನ್ನು ಕಲಿಸಬಲ್ಲದು. ಆದರೆ ಆ ಅಕ್ಷರಕ್ಕೆ ಬೇಕಾದ ಕಿವಿಯನ್ನು ಹದಗೊಳಿಸುವವರು ನಾವು ಶಾಲೆಗೆ ಬರುವುದಕ್ಕೆ ಎಷ್ಟೋ ಮೊದಲು ತೊಟ್ಟಿಲ ಬಳಿ ಕುಳಿತು ಮಾತನಾಡುವ ಅಮ್ಮ, ಅಜ್ಜಿ, ಅಕ್ಕಂದಿರು. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಕೂಸಿಗೇನು ತಿಳಿಯುತ್ತದೆ ಎನ್ನದೆ ಅದರ ಎದುರಿಗೆ ಕುಳಿತು ನಾವೂ ನಾಲ್ಕು ಮಾತು ಆಡೋಣ.