ಕಾದ ಉಕ್ಕಿನೊಳಗೆ ಹೋಗಿ ಬರುವ ಶಬ್ದ

ಹೊರಗಿನಿಂದ ನೋಡಿದರೆ ಪೈಪು ಗಟ್ಟಿಮುಟ್ಟಾಗಿದೆ. ಬಿರುಕಿಲ್ಲ, ಒಂದು ಹನಿ ಸೋರಿಕೆಯೂ ಇಲ್ಲ. ಒಳಗೆ ಮುನ್ನೂರು ಡಿಗ್ರಿ ಸೆಲ್ಸಿಯಸ್‌ನ ಹಬೆ ಭೋರೆಂದು ಹರಿಯುತ್ತಿದೆ. ಆ ಹಬೆಯನ್ನು ನಿಲ್ಲಿಸುವುದಿಲ್ಲ, ಪೈಪನ್ನು ಕೊರೆಯುವುದಿಲ್ಲ. ಹೊರಮೈಯನ್ನು ಕೆಲವೇ ಸೆಕೆಂಡು ಮುಟ್ಟಿ, ಒಳಗಿನ ಗೋಡೆಯನ್ನು ತುಕ್ಕು ಎಷ್ಟು ತಿಂದಿದೆ ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಹೇಳಿಬಿಡಬಹುದು! ಹೇಳುವುದು ಶಬ್ದ. ಮನುಷ್ಯನ ಕಿವಿಗೆ ಎಂದೂ ಕೇಳಿಸದ ಶಬ್ದ.

ಈ ಬೆರಗಿಗೆ ಬಿಡದಿ ಕೈಗಾರಿಕಾ ಪ್ರದೇಶಕ್ಕಿಂತ ತಕ್ಕ ಜಾಗ ಬೇಕೆ? ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆ ಇಲ್ಲಿನ ಟೊಯೊಟಾ ಕಿರ್ಲೋಸ್ಕರ್, ಬಾಷ್, ಕೋಕಾ-ಕೋಲಾ ಕಾರ್ಖಾನೆಗಳ ಹೆಸರು ಗೊತ್ತು. ಇದೇ ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಬೆಂಗಳೂರಿನ ಕಸ ಸುಟ್ಟು ಕರೆಂಟು ಮಾಡುವ ಸ್ಥಾವರ ಕಟ್ಟಿದೆ. ದಿನಕ್ಕೆ 600 ಟನ್ ಕಸ, 11.5 ಮೆಗಾವ್ಯಾಟ್ ವಿದ್ಯುತ್ತು: ಇದು ಅದರ ವಿನ್ಯಾಸದ ಲೆಕ್ಕ. ಕಸ ಉರಿದು ನೀರು ಹಬೆಯಾಗಬೇಕು, ಹಬೆ ಟರ್ಬೈನ್ ತಿರುಗಿಸಬೇಕು. ಬೆಂಕಿಗೂ ಹಬೆಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಉಕ್ಕಿನ ಟ್ಯೂಬು.

ಕಸದ ಬೆಂಕಿ ಕಲ್ಲಿದ್ದಲ ಬೆಂಕಿಯಂತಲ್ಲ. ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ, ಊಟದ ಉಳಿಕೆಯ ಉಪ್ಪಿನಲ್ಲೂ ಇದೆ. ಕಾದ ಉಕ್ಕಿನ ಮೇಲೆ ಕಬ್ಬಿಣದ ಆಕ್ಸೈಡ್ ಒಂದು ತೆಳು ಪದರ ಕಟ್ಟಿಕೊಂಡು ತಾನೇ ಕಾವಲು ನಿಲ್ಲುತ್ತದೆ. ಕ್ಲೋರಿನ್ ಆ ಕಾವಲನ್ನು ಭೇದಿಸಿ ಕಬ್ಬಿಣವನ್ನು ಕ್ಲೋರೈಡ್ ಮಾಡಿ ಒಯ್ಯುತ್ತದೆ. ಶಾಖ ಏರಿದಷ್ಟೂ ಸವೆತ ಜೋರು. ಜಗತ್ತಿನ ಬಹುಪಾಲು ಕಸದ ಬಾಯ್ಲರ್‌ಗಳಲ್ಲಿ ಹಬೆಯನ್ನು ಸುಮಾರು 400 ಡಿಗ್ರಿಗೇ ಹಿಡಿದಿಡುವುದು ಇದೇ ಭಯಕ್ಕೆ.

ಹಾಗಾದರೆ ಬಾಯ್ಲರ್ ಉರಿಯುತ್ತಿರುವಾಗಲೇ, ಹೊರಗಿನಿಂದ ಕೈಗೆಟಕುವ ಕಾದ ಪೈಪುಗಳ ಗೋಡೆಯ ದಪ್ಪ ಅಳೆಯುವುದು ಹೇಗೆ? ಇಲ್ಲಿಂದ ಮುಂದೆ ಒಂದೊಂದು ಹೆಜ್ಜೆಯೂ ಅಚ್ಚರಿ!

ಪ್ರೋಬ್ ಎಂಬ ಪುಟ್ಟ ಸಾಧನದೊಳಗೆ ಒಂದು ವಿಶೇಷ ಪಿಂಗಾಣಿಯ ಬಿಲ್ಲೆ. ಅದಕ್ಕೆ ವಿದ್ಯುತ್ತಿನ ಒಂದು ಮಿಡಿತ ಕೊಟ್ಟರೆ ಸೆಕೆಂಡಿಗೆ 50 ಲಕ್ಷ ಸಲದ ಗತಿಯಲ್ಲಿ ಕಂಪಿಸುತ್ತದೆ. ನಮ್ಮ ಕಿವಿಯ ಮಿತಿ ಇಪ್ಪತ್ತೇ ಸಾವಿರ. ಆ ಕಂಪನ ಉಕ್ಕಿನೊಳಗೆ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ, ಎಂದರೆ ಗಾಳಿಯಲ್ಲಿನ ಶಬ್ದಕ್ಕಿಂತ ಹದಿನೇಳು ಪಟ್ಟು ಜೋರಾಗಿ ಧಾವಿಸುತ್ತದೆ. ಒಳಗೋಡೆ ಮುಟ್ಟಿದಾಗ ಆಚೆಗಿರುವುದು ಹಬೆ. ಉಕ್ಕಿನಿಂದ ಅನಿಲಕ್ಕೆ ಈ ಶಬ್ದ ದಾಟಲಾರದು. ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗುತ್ತದೆ. ಆರು ಮಿಲಿಮೀಟರ್ ಗೋಡೆಯಲ್ಲಿ ಹೋಗಿ ಬರಲು ಹಿಡಿಯುವುದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗ! ಕಾಲವನ್ನು ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದಪ್ಪ ಸಿಕ್ಕಿತು. ಮಿಲಿಮೀಟರಿನ ಹತ್ತನೇ ಒಂದು ಭಾಗದ ವ್ಯತ್ಯಾಸ ಹಿಡಿಯಲು 34 ನ್ಯಾನೊಸೆಕೆಂಡನ್ನು ಗುರುತಿಸಬೇಕು. ಪ್ರೋಬ್‌ಗೆ ಜೋಡಿಸಿದ, ಗೇಜು ಎಂಬ ಅಂಗೈಯಗಲದ ಯಂತ್ರ ಅದನ್ನು ಗುರುತಿಸುತ್ತದೆ.

ಬಿಲ್ಲೆಯ ಈ ಗುಣ ಹೊಸದಲ್ಲ; ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಜಾಕ್ ಮತ್ತು ಪಿಯರೆ ಕ್ಯೂರಿ ಸಹೋದರರು 1880ರಲ್ಲೇ ಕಂಡಿದ್ದರು. ಇಂಥ ಶಬ್ದದಿಂದ ಲೋಹದೊಳಗಿನ ದೋಷ ಹುಡುಕಬಹುದೆಂದು ರಷ್ಯಾದ ಸೆರ್ಗೆಯ್ ಸೊಕೊಲೊವ್ 1928ರಲ್ಲಿ ಸೂಚಿಸಿದರು. ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರೂ ಇದೆ! 1935-36ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಅವರು ಎನ್. ಎಸ್. ನಾಗೇಂದ್ರನಾಥ್ ಅವರೊಂದಿಗೆ, ಶ್ರವಣಾತೀತ ಶಬ್ದದ ಅಲೆಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬುದಕ್ಕೆ ಸಿದ್ಧಾಂತ ಕೊಟ್ಟರು. ರಾಮನ್-ನಾಥ್ ಸಿದ್ಧಾಂತವೆಂದು ಇಂದಿಗೂ ಜಗತ್ತು ಅದನ್ನು ಓದುತ್ತದೆ.

ಆದರೆ ಬಿಸಿ ಉಕ್ಕು ಸುಲಭಕ್ಕೆ ಗುಟ್ಟು ಬಿಡುವುದಿಲ್ಲ. ಮೊದಲನೆಯದಾಗಿ, ಸಾಮಾನ್ಯ ಪ್ರೋಬ್ 50-60 ಡಿಗ್ರಿ ದಾಟಿದರೆ ಕೆಡತೊಡಗುತ್ತದೆ. ಅದಕ್ಕೇ ಬಿಲ್ಲೆಗೂ ಉಕ್ಕಿಗೂ ನಡುವೆ ಶಾಖ ತಡೆಯುವ ಪ್ಲಾಸ್ಟಿಕ್ಕಿನ ತುಂಡು ಕೂರಿಸುತ್ತಾರೆ. ಹತ್ತು ಸೆಕೆಂಡಿನೊಳಗೆ ರೀಡಿಂಗ್ ತೆಗೆದು, ಪ್ರೋಬನ್ನು ನಿಮಿಷಗಟ್ಟಲೆ ಆರಲು ಬಿಡುತ್ತಾರೆ. ಶಾಖ ಬಿಲ್ಲೆಯನ್ನು ತಲುಪುವ ಮೊದಲೇ ಶಬ್ದ ಹೋಗಿ ಬಂದಾಗಿರುತ್ತದೆ! ಎರಡನೆಯದು, ಪ್ರೋಬ್ ಮತ್ತು ಉಕ್ಕಿನ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಶಬ್ದ ಒಳಹೋಗದು. ಒಳಗೋಡೆಯಲ್ಲಿ ಶಬ್ದವನ್ನು ನಮಗೆ ಮರಳಿಸುವ ನಿಯಮವೇ ಹೊರಗೆ ಬಾಗಿಲು ಹಾಕುತ್ತದೆ. ನಡುವೆ ಹಚ್ಚುವ ಸಾಧಾರಣ ಜೆಲ್ ಕಾದ ಪೈಪಿನ ಮೇಲೆ ಚುರ್ರೆಂದು ಆರಿಹೋಗುತ್ತದೆ. ಆ ಶಾಖಕ್ಕೆ ಹೊತ್ತಿಕೊಳ್ಳದ ಬೇರೆಯೇ ಲೇಪ ಬೇಕು.

ಮೂರನೆಯದೇ ಎಲ್ಲಕ್ಕಿಂತ ಸೋಜಿಗ. ಉಕ್ಕು ಕಾದಂತೆ ಅದರೊಳಗಿನ ಶಬ್ದ ನಿಧಾನವಾಗುತ್ತದೆ: ಸುಮಾರು 55 ಡಿಗ್ರಿಗೆ ಶೇಕಡಾ 1ರಂತೆ. ತಣ್ಣನೆಯ ಉಕ್ಕಿಗೆ ಹೊಂದಿಸಿದ ಗೇಜನ್ನು 300 ಡಿಗ್ರಿ ಪೈಪಿಗೆ ಹಿಡಿದರೆ, ತಡವಾಗಿ ಬಂದ ಶಬ್ದವನ್ನು ಅದು ದಪ್ಪ ಗೋಡೆಯೆಂದೇ ತಿಳಿಯುತ್ತದೆ. ಹತ್ತು ಮಿಲಿಮೀಟರ್ ಇರುವಲ್ಲಿ ಹತ್ತೂವರೆ ತೋರಿಸುತ್ತದೆ. ಇಲ್ಲದ ಅರ್ಧ ಮಿಲಿಮೀಟರ್ ಉಕ್ಕು! ತಪ್ಪು ಯಾವಾಗಲೂ ಧೈರ್ಯ ಹೇಳುವ ಕಡೆಗೇ ಆಗುತ್ತದೆ ಎಂಬುದು ಮೈ ನಡುಗಿಸುವ ಮಾತು. ಪರಿಹಾರ ಮಾತ್ರ ಸರಳ. ಉಕ್ಕಿನ ಮೈಶಾಖವನ್ನೂ ಅಳೆದು ಲೆಕ್ಕ ಸರಿಪಡಿಸಬೇಕು, ಇಲ್ಲವೆ ಅದೇ ಉಕ್ಕಿನ ತುಂಡನ್ನು ಅಷ್ಟೇ ಶಾಖಕ್ಕೆ ಕಾಯಿಸಿ ಗೇಜನ್ನು ಅದಕ್ಕೆ ಹೊಂದಿಸಬೇಕು.

ಅಳೆಯದೆ ಬಿಟ್ಟರೆ ಏನಾಗುತ್ತದೆ? ಜಪಾನಿನ ಮಿಹಾಮಾ ಅಣುಸ್ಥಾವರದ ಮೂರನೇ ಘಟಕದಲ್ಲಿ 2004ರ ಆಗಸ್ಟ್ 9ರಂದು ಸುಮಾರು 140 ಡಿಗ್ರಿಯ ಬಿಸಿನೀರಿನ ಪೈಪೊಂದು ಸಿಡಿಯಿತು. ವಿಕಿರಣದ ಸೋಂಕಿಲ್ಲದ ಬರೀ ನೀರು. ಅದರ ಹರಿವೇ ಉಕ್ಕಿನ ರಕ್ಷಾಪದರವನ್ನು ಕರಗಿಸಿ ಕರಗಿಸಿ, ಹತ್ತು ಮಿಲಿಮೀಟರ್ ಗೋಡೆಯನ್ನು ಒಂದೆಡೆ ತೀರಾ ತೆಳುವಾಗಿಸಿತ್ತು. ಆ ಜಾಗ ತಪಾಸಣೆಯ ಪಟ್ಟಿಯಿಂದಲೇ ಬಿಟ್ಟುಹೋಗಿತ್ತು. 1976ರಲ್ಲಿ ಆ ಘಟಕ ಶುರುವಾದಂದಿನಿಂದ ಯಾರೂ ಅಳೆದಿರಲಿಲ್ಲ. ಐವರು ಕಾರ್ಮಿಕರು ಸತ್ತರು. ಒಂದೇ ಒಂದು ರೀಡಿಂಗ್ ಆ ಐವರನ್ನು ಉಳಿಸಬಹುದಿತ್ತು!

ನಮ್ಮಲ್ಲಿ ಬಾಯ್ಲರ್ ನಡೆಸಲು ಸರ್ಕಾರದ ಪ್ರಮಾಣಪತ್ರ ಬೇಕು. ತಪಾಸಣೆಗೆಂದು ಬಾಯ್ಲರನ್ನು ಆರಿಸಿ ಒಳಹೊಕ್ಕು ನೋಡುತ್ತಾರೆ. ಆದರೆ ತುಕ್ಕು ಆ ದಿನಕ್ಕೆ ಕಾಯುವುದಿಲ್ಲ. ಎರಡು ತಪಾಸಣೆಗಳ ನಡುವಿನ ಉರಿಯುವ ತಿಂಗಳುಗಳಲ್ಲಿ ಒಳಗಿನ ಸುದ್ದಿಯನ್ನು ಈ ಶಬ್ದ ತರಬಲ್ಲದು. ಈಗಂತೂ ಪೈಪಿನ ಮೇಲೇ ಕಾಯಂ ಕೂರುವ ಸೆನ್ಸರುಗಳು ಬಂದಿವೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರೂಪುಗೊಂಡ ಒಂದು ಬಗೆಯಲ್ಲಿ ಉದ್ದನೆಯ ಸ್ಟೀಲ್ ಪಟ್ಟಿಗಳು ಶಬ್ದವನ್ನು ಒಯ್ದು ತರುತ್ತವೆ. ಎಲೆಕ್ಟ್ರಾನಿಕ್ಸ್ ಶಾಖದಿಂದ ದೂರ, ಪಟ್ಟಿಯ ಆಚೆ ತುದಿಯಲ್ಲಿ. ಈ ಸೆನ್ಸರು 600 ಡಿಗ್ರಿವರೆಗಿನ ಉಕ್ಕಿನ ದಪ್ಪವನ್ನು ತಂತಿಯಿಲ್ಲದೆ ಕಂಟ್ರೋಲ್ ರೂಮಿಗೆ ಕಳಿಸುತ್ತಿರುತ್ತದೆ!

ಇದು ದೊಡ್ಡ ಸ್ಥಾವರಗಳ ಸೊತ್ತು ಮಾತ್ರವಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಲು ಗೂಡು ಬೇಯಿಸುವ ಪುಟ್ಟ ಬಾಯ್ಲರಿಗೂ ಇದೇ ವಿಜ್ಞಾನ ಸಲ್ಲುತ್ತದೆ. ಐಟಿಐ, ಡಿಪ್ಲೊಮಾ ಓದಿದ ಇಲ್ಲಿನ ಹುಡುಗ ಹುಡುಗಿಯರು ತರಬೇತಿ ಪಡೆದು ಕೈಗೆತ್ತಿಕೊಳ್ಳಬಹುದಾದ ವಿದ್ಯೆಯಿದು. ಒಂದೇ ಜಾಗವನ್ನು ಮತ್ತೆ ಮತ್ತೆ ಅಳೆದು ದಪ್ಪ, ಶಾಖ, ತಾರೀಖು ಮೂರನ್ನೂ ಬರೆದಿಟ್ಟರೆ ಸವೆತದ ವೇಗ ಸಿಗುತ್ತದೆ. ವೇಗ ಸಿಕ್ಕಿದರೆ ಪೈಪು ಬದಲಿಸಬೇಕಾದ ತಿಂಗಳನ್ನು ಮೊದಲೇ ಹೇಳಬಹುದು. ಬಿಡದಿಯ ಬಾಯ್ಲರುಗಳ ಬಳಿ ದುಡಿಯುವ ಪ್ರತಿಯೊಬ್ಬರಿಗೂ ಆ ಲೆಕ್ಕ ಸಿಗಲೇಬೇಕು!